ಮೆಟ್ಟಿಲು ಪರೀಕ್ಷೆಯ ಸಂಖ್ಯೆ

ಗುರುವಾರ, ತಾರೀಕು ಹದಿನಾಲ್ಕು

ಪ್ರೀತಿಯ ಚಿಕ್ಕಮ್ಮನಿಗೆ,

ಮೊದಲು ನನ್ನ ಅಕ್ಷರಕ್ಕೆ ಕ್ಷಮೆ ಕೇಳುತ್ತೇನೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟ ಮೇಲೆ ಈ ಕೈ ಕೀಲಿಮಣೆ ಬಡಿದದ್ದೇ ಹೆಚ್ಚು, ಪೆನ್ನು ಹಿಡಿದದ್ದು ಕಡಿಮೆ. ಒತ್ತಕ್ಷರ ಎಲ್ಲೆಲ್ಲಿ ಬಿಟ್ಟುಹೋಗಿದೆಯೋ ಗೊತ್ತಿಲ್ಲ. ನಿಮಗೆ ಓದಲು ಸುಲಭವಾಗಲಿ ಅಂತ ದಪ್ಪದಪ್ಪ ಬರೆದಿದ್ದೇನೆ. ದಪ್ಪ ಬರೆದಷ್ಟೂ ತಪ್ಪು ಎದ್ದು ಕಾಣುತ್ತದೆ, ಏನು ಮಾಡಲಿ.

ನಾಲ್ಕು ತಿಂಗಳು ಬರೆಯಲಿಲ್ಲ. ಫೋನಿನಲ್ಲಿ ನೀವು "ಎಲ್ಲ ಸರಿ ಇದೆಯೇನೇ ಮರಿ?" ಅಂತ ಕೇಳಿದಾಗಲೆಲ್ಲ "ಸರಿ ಇದೆ ಚಿಕ್ಕಮ್ಮ" ಅಂದು ಫೋನನ್ನು ಅಮ್ಮನ ಕೈಗೆ ದಾಟಿಸಿಬಿಡುತ್ತಿದ್ದೆ. ಮೊನ್ನೆ ನಿಮ್ಮ ಮಗಳು ಹೇಳಿದಳು, ಸೋಮವಾರದಿಂದ ನೀವು ಕಂಪ್ಯೂಟರ್ ಪರದೆ ನೋಡಬಹುದಂತೆ, ಕಣ್ಣಿನ ಡಾಕ್ಟರು ಒಪ್ಪಿದ್ದಾರಂತೆ. ಕೇಳಿ ಅಮ್ಮ ಕುಣಿದಾಡಿದಳು. ನಾನು ಮಾತ್ರ ಹೋಗಿ ಪೆನ್ನು ಹುಡುಕಿದೆ. ನಿಮಗೆ ಕಣ್ಣು ಮತ್ತೆ ಕಾಣುತ್ತದೆ ಅಂತ ಹೆದರುವ ಮಗಳು ನಾನು. ನೀವು ಪರದೆಯ ಮುಂದೆ ಕೂರುವ ಮೊದಲು ಈ ಕಾಗದ ನಿಮ್ಮ ಕೈ ಸೇರಬೇಕು.

ಇಲ್ಲಿ ಅಮ್ಮನ ಮಂಡಿ ನೋವು ಹಾಗೇ ಇದೆ, ಬಾಯಿ ಮಾತ್ರ ಇನ್ನೂ ಚುರುಕಾಗಿದೆ. ನಾನು ಬೆಳಿಗ್ಗೆ ಹತ್ತರಿಂದ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ತಂತಿ ಸುತ್ತುತ್ತೇನೆ. ಅದಕ್ಕೆ ಮುಂಚೆ ಹಿಂದಿನ ಕೋಣೆಯಲ್ಲಿ ನಿಮ್ಮ ಮೂರು ಕಂಪ್ಯೂಟರ್ ಯಂತ್ರಗಳ ಜೊತೆ. ನಡುವಿನದರ ಫ್ಯಾನ್ ಕಿರುಗುಟ್ಟುತ್ತಿತ್ತು, ಬಿಚ್ಚಿ ಎಣ್ಣೆ ಬಿಟ್ಟೆ. ಅಮ್ಮನಿಗೆ ನಮ್ಮ ಕೆಲಸ ಇನ್ನೂ ಅರ್ಥವಾಗಿಲ್ಲ. ಹೋದ ವಾರ ಮತ್ತೆ ಹೇಳಿಕೊಟ್ಟೆ: "ಕಂಪ್ಯೂಟರನ್ನು ಏಳಿಸಿ ಕೂರಿಸೋದಕ್ಕೆ ಒಂದು ಆಪರೇಟಿಂಗ್ ಸಿಸ್ಟಂ ಬೇಕಲ್ಲಮ್ಮ, ಚಿಕ್ಕಮ್ಮ ಮಾಡಿರೋದು ಗಾಳಿ ನೀರು ಹೇಗೆ ಹರಿಯುತ್ತೆ ಅಂತ ಲೆಕ್ಕ ಹಾಕೋರಿಗಾಗಿಯೇ ಹೊಲಿದ ಸಿಸ್ಟಂ. ಯಾರು ಬೇಕಾದರೂ ಪುಕ್ಕಟೆ ತಗೊಂಡು ಬಳಸಬಹುದು, ಒಳಗೆ ಬಿಚ್ಚಿ ನೋಡಬಹುದು." ಅಮ್ಮ ಸೊಪ್ಪು ಸೋಸುತ್ತಾ, "ಅಷ್ಟೆಲ್ಲಾ ಗೊತ್ತಿದ್ದರೆ ನಮ್ಮ ಅಡುಗೆಮನೆ ಹೊಗೆ ಯಾಕೆ ಹೊರಗೆ ಹೋಗಲ್ಲ, ಅದನ್ನು ಹೇಳೇ ಮೊದಲು" ಅಂದಳು. ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದೆ.

ಚಿಕ್ಕಮ್ಮ, ಹೊಗೆಯ ವಿಷಯವೇ ಬರೆಯಬೇಕಿರುವುದು.

ನಿಮ್ಮ ಕಟ್ಟಳೆ ನನಗೆ ಬಾಯಿಪಾಠ. ಸಿಸ್ಟಂನ ಹೊಸ ಆವೃತ್ತಿ ಬಿಡುವ ಮೊದಲು ಏಳು ಪರೀಕ್ಷೆ ಓಡಿಸಬೇಕು. ಬಂದ ಉತ್ತರವನ್ನು ನೀವು ಪಂಪ್ ಕಾರ್ಖಾನೆಯಲ್ಲಿದ್ದಾಗ ಗಾಜಿನ ಕಾಲುವೆಯಲ್ಲಿ ಶಾಯಿ ಬಿಟ್ಟು, ಅಡಿಪಟ್ಟಿ ಹಿಡಿದು ಅಳೆದ ಉತ್ತರದ ಪಕ್ಕ ಇಡಬೇಕು. ಹೊಂದದಿದ್ದರೆ ಬಿಡುಗಡೆ ಇಲ್ಲ. "ಯಂತ್ರ ಹೇಳಿದ್ದು ನೀರು ಒಪ್ಪಬೇಕು ಕಣೇ, ನಾವು ಒಪ್ಪಿದರೆ ಸಾಲದು" ಅನ್ನುತ್ತಿದ್ದಿರಿ.

ನೀವು ಕಣ್ಣಿನ ಆಪರೇಷನ್‌ಗೆ ಹೋದ ಮೂರನೇ ವಾರ ಹೊಸ ಆವೃತ್ತಿ ಕಟ್ಟಿದೆ. ಆರು ಪರೀಕ್ಷೆ ಹಸಿರು. ಮೆಟ್ಟಿಲು ಪರೀಕ್ಷೆ ಕೆಂಪು. ಮೆಟ್ಟಿಲಿನಿಂದ ಇಳಿದ ನೀರು ಅದರ ಹಿಂದೆ ಸುಳಿ ಹಾಕಿ, ಎಷ್ಟು ದೂರ ಹೋಗಿ ಮತ್ತೆ ನೆಲ ಮುಟ್ಟುತ್ತದೆ ಅನ್ನುವ ಲೆಕ್ಕ. ನೀವು ಅಳೆದದ್ದು ಮೆಟ್ಟಿಲಿನ ಎತ್ತರದ ಆರೂ ಕಾಲು ಪಟ್ಟು. ನನಗೆ ಬಂದದ್ದು ಐದೂ ಚಿಲ್ಲರೆ. ನಾಲ್ಕು ಸಲ ಓಡಿಸಿದರೂ ಅದೇ ಐದೂ ಚಿಲ್ಲರೆ.

ಒಳಗೆ ಸೇರಿಸಿದ, ಹೊರಗಿನವರು ಬರೆದ ಲೆಕ್ಕದ ತಂತ್ರಾಂಶ ಹೊಸದಾಗಿತ್ತು. ಅದರ ಜೊತೆ ಇಂಗ್ಲಿಷಿನಲ್ಲಿ ಅರ್ಧ ಪುಟ ಟಿಪ್ಪಣಿ ಇತ್ತು. ಸುಳಿಯ ಬಗ್ಗೆ ಏನೋ ಬದಲಾಯಿಸಿದ್ದೇವೆ ಅಂತ ಬರೆದಿದೆ ಅನ್ನುವುದಷ್ಟೇ ತಿಳಿಯಿತು. ಆಜ್ಞೆಯ ಶಬ್ದಗಳಾದರೆ ನೀವು ಕಲಿಸಿದ್ದೀರಿ, ಅವು ನನ್ನ ಕೈಬೆರಳಿನಲ್ಲಿವೆ. ಪೂರ್ತಿ ವಾಕ್ಯ ಬಂದರೆ ನಾನು ಐದನೇ ಕ್ಲಾಸಿನ ಹುಡುಗಿಯೇ. ನಮ್ಮ ಸಿಸ್ಟಂ ಬಳಸುವವರ ಗುಂಪಿನಲ್ಲಿ ಕೇಳಿದ್ದರೆ ಯಾರಾದರೂ ಹೇಳುತ್ತಿದ್ದರು. "ಈ ಅರ್ಧ ಪುಟದ ಅರ್ಥವೇನು?" ಅಂತ ಮೂರು ಸಲ ಬರೆದೆ, ಮೂರು ಸಲ ಅಳಿಸಿದೆ.

ಯಾಕೆ ಅಳಿಸಿದೆ ಅಂತ ಹೇಳಲೂ ನಾಚಿಕೆ. ಗುಂಪಿನವರು ನನ್ನನ್ನು ಡಾಕ್ಟರ್ ಅನ್ನುತ್ತಾರೆ. ದೋಣಿ ಕಟ್ಟುವವರು, ನಿಮ್ಮ ಹಳೇ ಪರಿಚಯದವರು, ಒಮ್ಮೆ ನನ್ನ ತಿದ್ದುಪಡಿ ನೋಡಿ "ಡಾಕ್ಟರ್ ಬಹಳ ಚೆನ್ನಾಗಿ ಮಾಡಿದ್ದಾರೆ" ಅಂತ ಬರೆದರು. ದೊಡ್ಡ ಓದು ಓದಿರಬೇಕು ಅಂದುಕೊಂಡರೇನೋ. ನಾನಲ್ಲ ಅನ್ನಬಹುದಿತ್ತು. ಅನ್ನಲಿಲ್ಲ. ನನಗೆ ಹಿತವಾಯಿತು ಚಿಕ್ಕಮ್ಮ. ಅದನ್ನು ಇಡೀ ದಿನ ತಂತಿ ಸುತ್ತುತ್ತಾ ಮನಸ್ಸಿನಲ್ಲೇ ಹೇಳಿಕೊಂಡೆ.

ಆ ಬೆಳಿಗ್ಗೆಯೂ ದೋಣಿಯವರು "ಯಾವಾಗ ಬಿಡುತ್ತೀರಿ ಡಾಕ್ಟರ್, ಕಾಯುತ್ತಾ ಇದ್ದೇವೆ" ಅಂತ ಬರೆದಿದ್ದರು. ನಾನು ಸಿಸ್ಟಂ ತಿದ್ದಲಿಲ್ಲ. ನೀವು ಅಳೆದ ಸಂಖ್ಯೆಗಳ ಕಡತ ತೆರೆದು ಆರೂ ಕಾಲು ಅಳಿಸಿ, ಯಂತ್ರ ಹೇಳಿದ ಐದೂ ಚಿಲ್ಲರೆ ಬರೆದೆ. ಮತ್ತೆ ಓಡಿಸಿದೆ. ಏಳೂ ಹಸಿರು. ಬಿಡುಗಡೆ ಮಾಡಿ ಅಂಗಡಿಗೆ ಹೋದೆ. ಹೊಸ ಸಂಖ್ಯೆಯೇ ಸರಿ ಇರಬಹುದು ಅಂತ ನನಗೆ ನಾನೇ ಹೇಳಿಕೊಂಡೆ.

ಎರಡು ತಿಂಗಳಾದ ಮೇಲೆ ಒಬ್ಬರ ಫೋನು ಬಂತು. ತಗಡಿನ ಕೆಲಸದವರು, ವಯಸ್ಸಾದವರು. ಒಂದು ಕಾರ್ಖಾನೆಯಲ್ಲಿ ಕಬ್ಬಿಣದ ಸಾಮಾನನ್ನು ಆಸಿಡ್ ತೊಟ್ಟಿಯಲ್ಲಿ ಅದ್ದಿ ತೊಳೆಯುತ್ತಾರಂತೆ. ಆ ತೊಟ್ಟಿಯ ಆವಿ ಮೇಲಕ್ಕೆಳೆಯುವ ಚಿಮಣಿಯನ್ನು ನಮ್ಮ ಸಿಸ್ಟಂನಲ್ಲಿ ಲೆಕ್ಕ ಹಾಕಿ ಕಟ್ಟಿದ್ದಾರೆ.

"ಡಾಕ್ಟ್ರು ಇದ್ದಾರೇನಮ್ಮ?" ಅಂದರು.

ನನ್ನ ಬಾಯಿಂದ ತಾನಾಗೇ ಬಂತು: "ಹೊರಗೆ ಹೋಗಿದ್ದಾರೆ."

"ಹೋಗ್ಲಿ, ಬಂದ ಮೇಲೆ ನೀನೇ ಹೇಳಿಬಿಡು ತಾಯಿ. ಲೆಕ್ಕದ ಪ್ರಕಾರ ಆವಿ ಮೇಲೆ ಹೋಗ್ಬೇಕು. ಹೋಗ್ತಾ ಇಲ್ಲ. ಅಂಚಿಗೆ ಬಂದು ಸುಳಿ ತಿರುಗಿ ತೊಳೆಯೋ ಹೆಂಗಸರ ಮುಖಕ್ಕೇ ಬರ್ತಾ ಇದೆ. ಒಬ್ಬಳು ಕೆಮ್ಮಿ ಕೆಮ್ಮಿ ಹತ್ತು ದಿನ ಮಲಗಿಬಿಟ್ಟಳು. ನಾನು ತಗಡು ಬಡಿಯೋನು, ತಪ್ಪು ನಂದೇ ಇರುತ್ತೆ. ಎಲ್ಲಿ ತಪ್ಪಿದೆ ಅಂತ ಹೇಳಿದ್ರೆ ಸಾಕು, ಬಿಚ್ಚಿ ಮತ್ತೆ ಕಟ್ತೀನಿ."

"ಹೇಳ್ತೀನಿ" ಅಂದೆ. ಆ ಕ್ಷಣದಲ್ಲೇ ನನಗೆ ಗೊತ್ತಾಗಿತ್ತು. ಸುಳಿ ನಿಜವಾಗಿ ಹೋಗುವಷ್ಟು ದೂರ ನಮ್ಮ ಯಂತ್ರದಲ್ಲಿ ಹೋಗುತ್ತಿಲ್ಲ. ಅದು ಸಣ್ಣ ಸುಳಿ ತೋರಿಸಿತು, ಅವರು ಅದನ್ನು ನಂಬಿ ತಗಡು ಕತ್ತರಿಸಿದರು.

ಸಂಜೆ ಅವರಿಗೆ ಉತ್ತರ ಬರೆದೆ, ಡಾಕ್ಟರ್ ಬರೆದ ಹಾಗೆ: "ನಿಮ್ಮ ಜಾಲರಿ ಒರಟಾಗಿದೆ, ಜಾಗವನ್ನು ಇನ್ನೂ ಸಣ್ಣ ಸಣ್ಣ ಚೌಕಗಳಾಗಿ ಕತ್ತರಿಸಿ ಮತ್ತೆ ಲೆಕ್ಕ ಹಾಕಿ." ಪಾಪ, ಅವರು ಹಾಗೇ ಮಾಡಿದರು. ಎರಡು ಸಲ ತಗಡು ಬಿಚ್ಚಿ ಎರಡು ಸಲ ಕಟ್ಟಿದರು. ಎರಡನೇ ಸಲ ಫೋನಿನಲ್ಲಿ ಅವರ ದನಿ ಸಣ್ಣಗಾಗಿತ್ತು. "ಕಾರ್ಖಾನೆ ಸಾಹುಕಾರರು ಎಲ್ಲರೆದುರಿಗೆ ಅಂದುಬಿಟ್ಟರು ತಾಯಿ, ತಗಡು ಬಡಿಯೋನಿಗೆ ಕಂಪ್ಯೂಟರ್ ಯಾಕೆ ಬೇಕಿತ್ತು ಅಂತ. ನಲವತ್ತು ವರ್ಷದಲ್ಲಿ ಇದೇ ಮೊದಲು ಕೈ ಸೋತದ್ದು. ಡಾಕ್ಟ್ರಿಗೆ ಬೇಜಾರು ಮಾಡ್ಕೋಬೇಡಿ ಅನ್ನು." ನನ್ನ ತಪ್ಪನ್ನು ಅವರ ತಲೆಗೆ ಕಟ್ಟಿ, ಅವರಿಂದಲೇ ಸಮಾಧಾನ ಹೇಳಿಸಿಕೊಂಡೆ. ಅವತ್ತು ಊಟ ಮಾಡಲಾಗಲಿಲ್ಲ. ಅಮ್ಮ "ಏನಾಗಿದೆಯೇ ನಿನಗೆ, ಮುಖ ಒಣಗಿದೆ" ಅಂದದ್ದಕ್ಕೆ ತಲೆನೋವು ಅಂದೆ.

ಕೊನೆಗೂ ನಾನಾಗಿ ಹೇಳಲಿಲ್ಲ. ಹತ್ತು ದಿನದ ಹಿಂದೆ ದೋಣಿಯವರೇ ಕಂಡುಹಿಡಿದರು. ಅವರ ದೋಣಿಯ ಹಿಂಬದಿಯ ಸುಳಿ ಲೆಕ್ಕಕ್ಕೂ ನೀರಿಗೂ ತಾಳೆಯಾಗದೆ, ಹಳೇ ಆವೃತ್ತಿ ತೆಗೆದು ಹೋಲಿಸಿ, ಹುಡುಕುತ್ತಾ ಆ ಕಡತಕ್ಕೆ ಬಂದರು. ನಾನು ಅವತ್ತೇ ಹಳೇ ಸಂಖ್ಯೆ ಹಾಕಿ, ಸುಳಿಯ ಬದಲಾವಣೆ ತೆಗೆಸಿ, ಕೆಟ್ಟ ಆವೃತ್ತಿ ಬಳಸಬೇಡಿ ಅಂತ ಎಲ್ಲರಿಗೂ ತಿಳಿಸಿದೆ. ತಗಡಿನವರು ಹೊಸ ಲೆಕ್ಕದಂತೆ ಚಿಮಣಿಯ ಅಂಚು ಒಂದು ಗೇಣು ಚಾಚಿದ್ದಾರೆ. ಆವಿ ಈಗ ಮೇಲೆ ಹೋಗುತ್ತದಂತೆ, ಆ ಹೆಂಗಸೂ ಕೆಲಸಕ್ಕೆ ಬಂದಿದ್ದಾಳಂತೆ. ಅಷ್ಟಾದರೂ ಆಯಿತು.

ನೀವು ಎಣ್ಣೆ, ಉಪ್ಪು ಕಡಿಮೆ ಮಾಡಿ. ಬಿಸಿಲಿಗೆ ಕಪ್ಪು ಕನ್ನಡಕವಿಲ್ಲದೆ ಹೋಗಬೇಡಿ. ತಂಗಿಗೆ ನನ್ನ ಮುತ್ತು. ನಿಮ್ಮ ಆಶೀರ್ವಾದ ಕೇಳುವ ಮುಖ ನನಗಿಲ್ಲ. ಆದರೂ ದೂರದಿಂದಲೇ ನಿಮ್ಮ ಕಾಲು ಮುಟ್ಟುತ್ತೇನೆ.

ಇಂತಿ,
ನಿಮ್ಮ ಅಕ್ಕನ ಮಗಳು

ತಾಜಾ ಕಲಂ: ಇಷ್ಟು ಬರೆದು ಮಡಿಸಿದ್ದೆ. ಬರೆಯಬೇಕಾದದ್ದನ್ನು ಬರೆಯದೆ ಮಡಿಸಿದ್ದೆ.

ಆ ಏಳು ಸಂಖ್ಯೆಗಳನ್ನು ನಿಮ್ಮ ಡಿಜಿಟಲ್ ಸಹಿ ಇಲ್ಲದೆ ಯಾರೂ ಮುಟ್ಟಲಾಗದ ಹಾಗೆ ನೀವೇ ಬೀಗ ಹಾಕಿದ್ದಿರಿ. ಆಸ್ಪತ್ರೆಗೆ ಹೊರಟ ದಿನ ಆ ಸಹಿಯಿರುವ ಪೆನ್‌ಡ್ರೈವನ್ನು ನನ್ನ ಅಂಗೈಯಲ್ಲಿಟ್ಟು "ನಾನು ಕೇಳೋವರೆಗೂ ಜೋಪಾನ" ಅಂದಿರಿ. ಇಟ್ಟುಕೋ ಅಂದಿರಿ, ಬಳಸು ಅನ್ನಲಿಲ್ಲ. ನಾನು ಬಳಸಿದೆ. ದಾಖಲೆಯಲ್ಲಿ ಆ ಸಂಖ್ಯೆ ಬದಲಿಸಿದವರು ಅನ್ನುವ ಕಡೆ ಇರುವುದು ನಿಮ್ಮ ಹೆಸರು.

ದೋಣಿಯವರು ಅದನ್ನು ನೋಡಿ ಗುಂಪಿನಲ್ಲಿ ಬರೆದರು: "ಪಾಪ, ಅಮ್ಮನವರಿಗೆ ಕಣ್ಣು ಕಾಣುತ್ತಿರಲಿಲ್ಲ. ಯಾರೂ ಏನೂ ಅನ್ನಬೇಡಿ." ಎಲ್ಲರೂ ಪಾಪ ಅಂದರು. ಇಡೀ ಜನ್ಮದಲ್ಲಿ ಒಂದು ಅಳತೆಯನ್ನೂ ತಪ್ಪಿಸದ ನಿಮ್ಮನ್ನು ಪಾಪ ಅಂದರು. ನಾನು ಓದಿ, ಒಂಬತ್ತು ದಿನ ಸುಮ್ಮನಿದ್ದೆ.

ಇವತ್ತು ಬೆಳಿಗ್ಗೆ ಎಲ್ಲರಿಗೂ ನಾಲ್ಕು ಸಾಲು ಬರೆದು ಕಳಿಸಿದೆ: ಸಂಖ್ಯೆ ಬದಲಿಸಿದವಳು ನಾನು, ಚಿಕ್ಕಮ್ಮನಿಗೆ ತಿಳಿಯದಂತೆ ಅವರ ಸಹಿ ಬಳಸಿದೆ, ತಗಡಿನವರ ಜಾಲರಿಯಲ್ಲಿ ತಪ್ಪಿರಲಿಲ್ಲ, ನಾನು ಡಾಕ್ಟರ್ ಅಲ್ಲ, ಐದನೇ ಕ್ಲಾಸು. ಉತ್ತರ ಬಂದಿದೆಯೋ ಇಲ್ಲವೋ ಇನ್ನೂ ನೋಡಿಲ್ಲ. ಆಮೇಲೆ ಪೆನ್‌ಡ್ರೈವನ್ನು ಹತ್ತಿಯಲ್ಲಿ ಸುತ್ತಿ ಈ ಲಕೋಟೆಯೊಳಗೆ ಇಟ್ಟೆ. ಅಂಟು ಸಾಲದು ಅನ್ನಿಸಿತು, ಮೂರು ಕಡೆ ಅಂಚಿಗೆ ದಾರದಲ್ಲಿ ಹೊಲಿಗೆ ಹಾಕಿದ್ದೇನೆ. ನಾಲ್ಕನೆಯದನ್ನು ಈ ಹಾಳೆ ಒಳಗಿಟ್ಟ ಮೇಲೆ ಹಾಕುತ್ತೇನೆ.