ಕಳ್ಳಕವಟಗಿ ಕ್ರಾಸಿಗೆ ನೀರು ತಂದವನಿಗೆ

ಗೆಳೆಯ ಸಾಬಣ್ಣ,

ಹೇಗಿದ್ದೀಯ ಅಂತ ಕೇಳುವುದಿಲ್ಲ. ನಿನ್ನ ಹೆಂಡತಿ ಹುಲಿಗೆವ್ವ ಮೊನ್ನೆ ತಿಕೋಟಾಕ್ಕೆ ಬಂದಿದ್ದಳು. ನಮ್ಮ ಅಗ್ನಿಶಾಮಕ ಗಾಡಿ ನಿಲ್ಲುವ ಶೆಡ್ಡಿನ ಮುಂದೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ನಿಂತು, "ಯಪ್ಪಾ, ದ್ರಾಕ್ಷಿ ತ್ವಾಟಕ್ಕ ಕಾಲ ಇಡವಲ್ಲ. ಔಷಧ ಹೊಡಿಯೋ ಟ್ರ್ಯಾಕ್ಟರಿಗೆ ತಾಡಪಾಲ ಮುಚ್ಚಿ ಕುಂತಾನ. ಆ ಹುಡಗನ್ನ ನಾನ ಕೊಂದೆ ಅಂತಾನ. ನೀವರ ಒಂದ ಮಾತ ಹೇಳ್ರಿ" ಅಂದಳು. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಅದಕ್ಕೇ ಈ ಕಾಗದ. ಬರೆದು ರೂಢಿಯಿಲ್ಲ ನನಗೆ, ಕೈ ನೋಯುತ್ತದೆ. ಸೊಂಟವೂ ನೋಯುತ್ತದೆ, ಅದು ಬೇರೆ ಮಾತು.

ನಮ್ಮ ಗಾಡಿಯನ್ನು ಮೊದಲ ಸಲ ನೋಡಿದಾಗ ನೀನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. "ಇದೇನೋ ಅಜಿತ, ಹಾಲಿನ ಗಾಡಿಗೆ ಕೆಂಪ ಬಣ್ಣ ಬಡದ ಕಳಿಸ್ಯಾರೇನು?" ಅಂದಿದ್ದೆ. ನಗು ಬರುವಂಥದ್ದೇ. ಇಷ್ಟುದ್ದದ ಪಿಕಪ್ಪು, ಹಿಂದೆ ಒಂದು ಸಣ್ಣ ಟ್ಯಾಂಕು, ತಗಡು ಕತ್ತರಿಸುವ ಯಂತ್ರ, ನೀರನ್ನು ಮಂಜಿನ ಹಾಗೆ ಉಗುಳುವ ಒಂದು ಗನ್ನು. ಹೆದ್ದಾರಿಯಲ್ಲಿ ದೊಡ್ಡ ಗಾಡಿ ನುಗ್ಗಲಾರದ ಕಡೆ ನುಗ್ಗಿ ಮೊದಲು ಮುಟ್ಟಬೇಕು, ದೊಡ್ಡದು ವಿಜಯಪುರದಿಂದ ಬರುವವರೆಗೆ ಬೆಂಕಿಯನ್ನು ತಡೆದು ಹಿಡಿಯಬೇಕು, ಸಿಕ್ಕಿಕೊಂಡವರನ್ನು ಹೊರಗೆಳೆಯಬೇಕು. ಇಷ್ಟೇ ಅದರ ಕೆಲಸ. ನೀರು ಮಾತ್ರ ಬೇಗ ಮುಗಿಯುತ್ತದೆ. ಮುಗಿದಾಗಲೆಲ್ಲ ನಿನ್ನಂಥವರ ಹೊಂಡವೇ ನಮಗೆ ಗತಿ.

ಅವತ್ತಿನದು ನಿನಗೆ ಗೊತ್ತಿದ್ದದ್ದೇ. ಆದರೂ ಬರೆಯುತ್ತೇನೆ, ಯಾಕೆಂದರೆ ನೀನು ಅದನ್ನು ಪೂರ್ತಿಯಾಗಿ ನೆನಪಿಟ್ಟುಕೊಂಡಿಲ್ಲ. ಕ್ರಾಸಿನಲ್ಲಿ ಒಣದ್ರಾಕ್ಷಿ ಪೆಟ್ಟಿಗೆ ತುಂಬಿದ್ದ ಟೆಂಪೋ ಕಬ್ಬಿನ ಟ್ರೇಲರಿಗೆ ಹಿಂದಿನಿಂದ ಗುದ್ದಿತ್ತು. ಅಥಣಿ ರಸ್ತೆಯ ತುಂಬ ಕಬ್ಬಿನ ಗಾಡಿಗಳ ಸಾಲು. ನಾವು ಪಕ್ಕದ ಮಣ್ಣಿನಲ್ಲಿ ಗಾಡಿ ಇಳಿಸಿ ಹೇಗೋ ಬಂದು ಮುಟ್ಟಿದೆವು. ಡ್ರೈವರ್ ಅರ್ಬಾಜ, ವಿಜಯಪುರದ ಹುಡುಗ, ಸ್ಟೀರಿಂಗಿನ ಕೆಳಗೆ ಕಾಲು ಸಿಕ್ಕಿಕೊಂಡು ಕೂತಿದ್ದ. ಇಂಜಿನ್ನಿನಿಂದ ಬೆಂಕಿ ಒಳಗೆ ಬರುತ್ತಿತ್ತು. "ಅಣ್ಣಾ, ಕಾಲ ಸುಡಾಕತ್ತಾವು" ಅಂತ ಒಂದೇ ಸಮನೆ ಅನ್ನುತ್ತಿದ್ದ. ನನ್ನ ಜೊತೆ ಗಾಡಿಯಲ್ಲಿರುವ ಜಾವೀದ ಬಾಗಿಲು ಕತ್ತರಿಸುತ್ತಿದ್ದ, ನಾನು ಮಂಜಿನ ಗನ್ನು ಹಿಡಿದು ಬೆಂಕಿಯನ್ನು ಹಿಂದಕ್ಕೆ ತಳ್ಳುತ್ತಿದ್ದೆ. ಅಷ್ಟರಲ್ಲಿ ನೀರು ಮುಗಿಯುತ್ತ ಬಂತು. "ಯಾರರ ನೀರ ತರ್ರೋ!" ಅಂತ ಗಂಟಲು ಹರಿಯುವ ಹಾಗೆ ಕೂಗಿದೆ.

ಪಕ್ಕದ ತೋಟದಿಂದ ನೀನು ಟ್ರ್ಯಾಕ್ಟರ್ ಹಾರಿಸಿಕೊಂಡು ಬಂದೆ. ಬಳ್ಳಿಗೆ ಹೊಡೆಯಲು ಕಲಸಿದ್ದ ಸುಣ್ಣ ಮೈಲುತುತ್ತದ ಔಷಧವನ್ನೆಲ್ಲ ನೆಲಕ್ಕೆ ಚೆಲ್ಲಿ, ಹೊಂಡದ ನೀರು ತುಂಬಿಕೊಂಡು ಬಂದಿದ್ದೆ. ಟ್ಯಾಂಕು ತೊಳೆಯುವಷ್ಟು ಹೊತ್ತು ಯಾರಿಗಿತ್ತು? ತೊಳೆಯುತ್ತ ಕೂತಿದ್ದರೆ ನಾನೇ ಬಂದು ಒದೆಯುತ್ತಿದ್ದೆ. ನಮ್ಮ ಕಡೆ ದ್ರಾಕ್ಷಿ ಬೆಳೆಯುವವರೆಲ್ಲ ಹೀಗೇ ಮಾಡುತ್ತಾರೆ, ತಳದಲ್ಲಿ ಉಳಿದ ಗಸಿ ನಿಮ್ಮ ಯಂತ್ರಕ್ಕೆ ಲೆಕ್ಕಕ್ಕೇ ಇಲ್ಲ. ಆದರೆ ನಮ್ಮ ಗನ್ನಿನ ತೂತುಗಳು ಸೂಜಿ ಮೊನೆಯಷ್ಟು ಸಣ್ಣವು. ನಿನ್ನ ಪೈಪಿನಿಂದ ನಮ್ಮ ಟ್ಯಾಂಕಿಗೆ ನೀರು ಬಿದ್ದ ಮೇಲೆ ಒಂದಿಷ್ಟು ನೀಲಿ ನೀರು ಹಾರಿತು, ಆಮೇಲೆ ಗಸಿ ಕೂತು ಗನ್ನು ಕಟ್ಟಿತು. ನಾನು ಮೂತಿ ಬಿಚ್ಚಿ ಊದಿ ಮತ್ತೆ ಕೂಡಿಸುವಷ್ಟರಲ್ಲಿ ಬೆಂಕಿ ಒಳಗೆ ಕೈಹಾಕಿತ್ತು. ಹುಡುಗನನ್ನು ಜೀವಂತವಾಗಿಯೇ ಹೊರಗೆ ತೆಗೆದೆವು. ಆಸ್ಪತ್ರೆಯಲ್ಲಿ ತೀರಿಕೊಂಡ.

ನೀರು ಕಟ್ಟದಿದ್ದರೆ ಅವನು ಉಳಿಯುತ್ತಿದ್ದನಾ? ಗೊತ್ತಿಲ್ಲ ಸಾಬಣ್ಣ. ನಿನ್ನ ಸಮಾಧಾನಕ್ಕೆ ಸುಳ್ಳು ಹೇಳುವುದಿಲ್ಲ. ಉಳಿಯುತ್ತಿದ್ದ ಅನ್ನಲಾರೆ, ಇಲ್ಲ ಅಂತಲೂ ಅನ್ನಲಾರೆ. ಈ ಕೆಲಸದಲ್ಲಿ ಇಷ್ಟು ವರ್ಷ ಕಳೆದ ಮೇಲೆ ಇಂಥ ಪ್ರಶ್ನೆಗಳು ನನ್ನ ಜೊತೆಗೇ ಉಣ್ಣುತ್ತವೆ, ಜೊತೆಗೇ ಮಲಗುತ್ತವೆ. ನನಗೆ ಸಾಕಾಗಿದೆ. ಸಾಕಾಗಿದೆ ಅಂತ ಹೇಳಿಕೊಳ್ಳುವುದಕ್ಕೂ ಸಾಕಾಗಿದೆ. ಆದರೆ ನೀನು ಕೊಂದವನಲ್ಲ, ಅಷ್ಟು ನನಗೆ ಗೊತ್ತು.

ಊರ ಮಂದಿಗೆ ಅದು ಗೊತ್ತಿಲ್ಲ. ಯಾವನೋ ಪುಣ್ಯಾತ್ಮ ನೀಲಿ ನೀರಿನ ವಿಡಿಯೋ ಬಿಟ್ಟ, ಔಷಧ ಹೊಡೆದು ಕೊಂದರು ಅಂತ ಬರೆದ. ಹೋದ ವಾರ ಬಬಲೇಶ್ವರದ ಹತ್ತಿರ ಒಂದು ಕಾರು ಹೊತ್ತಿಕೊಂಡಿತು. ನೀರು ಬೇಕು ಅಂತ ನಾನು ಕೂಗಿದೆ. ಪಕ್ಕದ ಹೊಲದಲ್ಲಿ ತುಂಬಿದ ಟ್ಯಾಂಕರ್ ನಿಂತಿತ್ತು, ಅದರ ಯಜಮಾನನೂ ಅಲ್ಲೇ ಇದ್ದ. "ಬ್ಯಾಡ್ರಿ ಸಾಹೇಬ್ರ, ಆ ಕವಟಗ್ಯಾಂವಗ ಆದಂಗ ನನಗೂ ಆದೀತು" ಅಂದು ಮುಖ ತಿರುಗಿಸಿದ. ಪುಣ್ಯಕ್ಕೆ ಕಾರಿನಲ್ಲಿ ಯಾರೂ ಇರಲಿಲ್ಲ. ಅವನಿಗೆ ಬೈಯಲೂ ನನಗೆ ತ್ರಾಣ ಇರಲಿಲ್ಲ.

ನಿನ್ನೆ ಅರ್ಬಾಜನ ತಾಯಿ ಗುಲಶನ ಶೆಡ್ಡಿಗೆ ಬಂದಿದ್ದಳು. ಜಾವೀದ ಕುರ್ಚಿ ಹಾಕಿದ, ಕೂಡಲಿಲ್ಲ. "ನೀವು ನಿಮ್ಮ ಡ್ಯೂಟಿ ಮಾಡೀರಿ. ನೀರ ತಂದಾಂವ ಯಾರ್ರಿ?" ಅಂತ ಕೇಳಿದಳು. ಬೈಯಲು ಬಂದಿದ್ದಾಳೆ ಅಂದುಕೊಂಡೆ. ಸುತ್ತಿಬಳಸದೆ ಎಲ್ಲ ಹೇಳಿದೆ, ಗಸಿ, ಗನ್ನಿನ ಮೂತಿ, ಎಲ್ಲ. ಆಕೆ ನೆಲ ನೋಡುತ್ತ ಕೇಳಿಸಿಕೊಂಡಳು.

"ಗೊತ್ತೈತ್ರಿ, ಓಣ್ಯಾಗ ಹೇಳ್ಯಾರ" ಅಂದಳು. "ಆ ವಿಡಿಯೋ ನೋಡೇನಿ ನಾನು. ಎಷ್ಟ ಸಲ ಅಂತ ಕೇಳಬ್ಯಾಡ್ರಿ. ಮಂದಿ ಎಲ್ಲಾ ಫೋನ್ ಹಿಡಕೊಂಡ ನಿಂತೈತಿ. ಒಬ್ಬಾಂವ ಕಾಲಾಗ ಚಪ್ಪಲಿ ಇಲ್ಲದ ಪೈಪ ಎಳಕೊಂಡ ಬೆಂಕಿ ಕಡೆ ಓಡ್ಯಾನ. ನನ್ನ ಮಗನ ಕಡೆ ಓಡಿದಾಂವ ಅಂವ ಒಬ್ಬನ. ವಿಡಿಯೋದಾಗ ಅವನ ಬೆನ್ನ ಅಷ್ಟ ಕಾಣತೈತಿ. ಮಾರಿ ನೋಡಬೇಕ್ರಿ."

ರವಿವಾರ ಮುಂಜಾನೆ ನಾನೇ ಆಕೆಯನ್ನು ಕರೆದುಕೊಂಡು ಬರುತ್ತೇನೆ. ಬಾಗಿಲು ಹಾಕಿಕೊಂಡು ಕೂಡಬೇಡ. ಮಾತು ಬರದಿದ್ದರೆ ಸುಮ್ಮನಿರು, ಅಳು ಬಂದರೆ ಅಳು, ಯಾರೂ ಏನೂ ಅನ್ನುವುದಿಲ್ಲ. ಹೊರಗೆ ಬಂದು ನಿಲ್ಲು ಸಾಕು. ಆ ತಾಯಿ ನಿನ್ನ ಮುಖ ನೋಡಲಿ.

ನಿನ್ನ ಮನೆ ತಣ್ಣಗಿರಲಿ, ಹುಲಿಗೆವ್ವನ ಕಣ್ಣು ಒಣಗಲಿ.

ನಿನ್ನ ದೋಸ್ತ,
ಅಜಿತ