ಕಂಡದ್ದನ್ನು ಕಂಡೆ ಎನ್ನುವುದು

ಲಾಯಿಲ, ಬೆಳ್ತಂಗಡಿ
9 ಡಿಸೆಂಬರ್ 2000

ಪ್ರಿಯ ಜಯರಾಜ,

ನಿನಗೆ ನನ್ನ ಸಲಾಂ, ಮನೆಯವರಿಗೆಲ್ಲ ಜಯ ಜಿನೇಂದ್ರ. ಜುಲೈಯಲ್ಲಿ ನೀನು ನಾಸಿಕದಿಂದ ಬರೆದ ಕಾಗದಕ್ಕೆ ಡಿಸೆಂಬರಿನಲ್ಲಿ ಉತ್ತರ ಬರೆಯುತ್ತಿದ್ದೇನೆ, ಕ್ಷಮಿಸು. ಪುರುಸೊತ್ತು ಇರಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ರೇಡಿಯೊ ರಿಪೇರಿ ಅಂಗಡಿಯಲ್ಲಿ ಕೂತವನಿಗೆ ಪುರುಸೊತ್ತಿಗೆ ಏನು ಬರ? ಕೋಪ ಇತ್ತು, ಅದಕ್ಕೇ ಬರೆಯಲಿಲ್ಲ. ಮೂಡುಬಿದಿರೆ ಬಸ್‌ಸ್ಟ್ಯಾಂಡಿನಲ್ಲಿ ನಿನ್ನ ಅಕ್ಕ ಅನಂತಮತಿ ಸಿಕ್ಕಿದ್ದರು. "ಜಯರಾಜ ಮೇ ತಿಂಗಳಲ್ಲಿ ಬಂದು ನಾಲ್ಕು ದಿನ ಇದ್ದ. ನಿಮ್ಮಲ್ಲಿಗೆ ಬಂದಿದ್ದನಲ್ಲ?" ಎಂದು ಕೇಳಿದರು. ಬಂದಿದ್ದ ಅಕ್ಕ, ಊಟ ಮಾಡಿಯೇ ಹೋದ ಎಂದೆ. ನಿನ್ನ ಮಾನ ಕಾಯುವುದು ನನಗೆ ಅಭ್ಯಾಸವಾಗಿ ಹೋಗಿದೆ ನೋಡು.

ಇಲ್ಲಿ ಎಲ್ಲರೂ ಕ್ಷೇಮ. ಉಮ್ಮನಿಗೆ ಎಪ್ಪತ್ತೆಂಟು ದಾಟಿತು. ಕಣ್ಣು ಮಂಜಾಗಿದೆ, ಬಾಯಿ ಮಾತ್ರ ಮೊದಲಿನ ಹಾಗೆಯೇ ಉಂಟು. ನಿನ್ನನ್ನು ಆಗಾಗ ಕೇಳುತ್ತಾಳೆ. ವೇಣೂರಿನ ಹೈಸ್ಕೂಲಿನಿಂದ ನೀನು ನನ್ನ ಜೊತೆ ಬಂದಾಗ ನಿನಗೆಂದೇ ಬೇರೆ ಕಾವಲಿ ಇಟ್ಟು ಅಕ್ಕಿರೊಟ್ಟಿ ಸುಡುತ್ತಿದ್ದಳಲ್ಲ, ಆ ಕಾವಲಿ ಇನ್ನೂ ಅಟ್ಟದ ಮೇಲೆ ಉಂಟು. ನಿಮ್ಮ ಮನೆಯಲ್ಲಿ ಸೂರ್ಯ ಮುಳುಗುವ ಮುಂಚೆ ಊಟ ಮುಗಿಯಬೇಕು, ನಮ್ಮಲ್ಲಿ ರಂಜಾನ್ ನೋಂಬಿನ ದಿನ ಸೂರ್ಯ ಮುಳುಗಿದ ಮೇಲೆಯೇ ಬಾಯಿಗೆ ನೀರು. ನಾನು ಎರಡೂ ಕಡೆ ತಿಂದು ದಪ್ಪಗಾದವನು. ಆ ದಿನಗಳೇ ಚೆನ್ನಾಗಿದ್ದವು.

ಇಷ್ಟು ಕುಶಲ ಸಾಕು. ನಾನು ಬರೆಯಲು ಕೂತದ್ದು ಜಗಳಕ್ಕೆ.

ನವೆಂಬರ್ ಇಪ್ಪತ್ತೇಳು, ಸೋಮವಾರ. ನೋಂಬಿನ ಹಿಂದಿನ ತಿಂಗಳ ಇಪ್ಪತ್ತೊಂಬತ್ತನೇ ದಿನ. ಅಂದು ಸಂಜೆ ಚಂದ್ರ ಕಂಡರೆ ಮರುದಿನದಿಂದಲೇ ನೋಂಬು, ಕಾಣದಿದ್ದರೆ ಇನ್ನೊಂದು ದಿನ ಬಿಟ್ಟು. ನಂಬಿಕಸ್ಥ ಮನುಷ್ಯ ಒಬ್ಬ ಬಂದು ಕಂಡೆ ಎಂದರೂ ಸಾಕು, ಊರಿಗೆ ಊರೇ ನೋಂಬು ಹಿಡಿಯುತ್ತದೆ. ಚಿಕ್ಕಂದಿನಲ್ಲಿ ನೀನೂ ನನ್ನ ಜೊತೆ ಗುಡ್ಡೆ ಹತ್ತಿ ಹುಡುಕುತ್ತಿದ್ದೆಯಲ್ಲ. ಆ ದಿನ ಪಡುವಣದಲ್ಲಿ ಮೋಡ ಕಟ್ಟಿತ್ತು. ನಮಾಜಿಗೆ ಬಂದು ಪಳ್ಳಿಯ ಅಂಗಳದಲ್ಲಿ ನಿಂತವರೆಲ್ಲ ಕಾಯುವುದು ಬಿಟ್ಟು ಮಾತಿಗೆ ಇಳಿದಿದ್ದರು. ನಾನು ಒಬ್ಬನೇ ಹಿಂದಿನ ಗುಡ್ಡೆ ಹತ್ತಿದೆ. ಎರಡು ಮೋಡಗಳ ನಡುವೆ ಒಂದು ಗೇಣಿನಷ್ಟು ಆಕಾಶ ಬಿಟ್ಟಿತು, ಅದರೊಳಗೆ ಚಂದ್ರ. ಕತ್ತರಿಸಿ ಬಿಸಾಡಿದ ಉಗುರಿನಷ್ಟೇ ಸಪೂರ. ಎಣಿಸಿ ಇಪ್ಪತ್ತು ಉಸಿರಿನ ಹೊತ್ತು ನೋಡಿದೆ. ಹದಿನೆಂಟು ವರ್ಷ ವಾಯುಪಡೆಯ ವಿಮಾನದಲ್ಲಿ ಕೂತು ಬಂದ ಕಣ್ಣು ಇದು, ಜಯರಾಜ. ತಪ್ಪುವ ಪ್ರಶ್ನೆಯೇ ಇಲ್ಲ.

ಓಡಿಕೊಂಡು ಇಳಿದು ಕಂಡೆ ಎಂದೆ. ಎದುರು ಬೀಡಾ ಅಂಗಡಿಯ ಸಂಕಪ್ಪ ಕೂಗಿದ: "ಸಾಯ್ಬ್ರೇ, ಒಂದೇ ಚಂದ್ರನಾ, ನಾಲ್ಕು ಉಂಟಾ? ಸರಿ ಲೆಕ್ಕ ಮಾಡಿದ್ರಾ ಮಾರಾಯ್ರೇ?" ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಸಂಕಪ್ಪ ಹೋಗಲಿ, ಅವನಿಗೆ ದಿನಕ್ಕೊಂದು ತಮಾಷೆ ಬೇಕು. ನಮ್ಮವರೇ ನಕ್ಕರು. ನಾನು ಹೆಗಲಲ್ಲಿ ಎತ್ತಿ ಆಡಿಸಿದ ಹುಡುಗರು ನಕ್ಕರು. ನಾನು ಕಂಡದ್ದು ಚರಂಡಿ ಪಾಲಾಯಿತು. ಮರುದಿನ ಇಡೀ ಊರು ಗಡದ್ದಾಗಿ ಗಂಜಿ ಉಂಡಿತು. ಆ ಸಂಜೆ ಮೋಡ ಸರಿದು ಚಂದ್ರ ಎಲ್ಲರ ತಲೆಯ ಮೇಲೆ ಕಂಡಿತು, ದಪ್ಪಗೆ, ಎತ್ತರದಲ್ಲಿ. "ಇದು ಎರಡನೇ ದಿನದ್ದು, ನಿನ್ನೆಯೇ ಇತ್ತು" ಎಂದು ಅದೇ ಜನ ಗೊಣಗಿದರು. ಥೂ!

ಈ ನಾಲ್ಕರ ತಮಾಷೆ ಎಲ್ಲಿಂದ ಬಂತು ಎಂದು ನಿನಗೆ ಹೇಳಬೇಕಾಗಿಲ್ಲ. ಆದರೂ ಹೇಳುತ್ತೇನೆ, ನೀನು ಮರೆತ ಹಾಗೆ ಮಾಡುವುದರಲ್ಲಿ ಗಟ್ಟಿಗ.

ತೊಂಬತ್ತಮೂರರ ಮಾರ್ಚ್. ಬೆಟ್ಟದ ಠಾಣೆಗಳಿಗೆ ಅಕ್ಕಿ, ಸೀಮೆಎಣ್ಣೆ ಇಳಿಸಿ ನಮ್ಮ ಸರಕು ವಿಮಾನ ಹಿಂದಿರುಗುತ್ತಿತ್ತು. ಆಗಷ್ಟೇ ಕತ್ತಲಾಗಿತ್ತು. ನಾನು ರೇಡಿಯೊದ ಮುಂದೆ, ನೀನು ಇಂಜಿನ್ನಿನ ಮೀಟರುಗಳ ಮುಂದೆ. ಎಡಗಡೆ ನಾಲ್ಕು ಬೆಳಕು, ಕಿತ್ತಳೆ ಬಣ್ಣದವು. ಮೊದಲು ಕಂಡದ್ದು ನಿನಗೆ. ಹನ್ನೊಂದು ನಿಮಿಷ ನಮ್ಮ ಸರಿಸಮಕ್ಕೆ ಬಂದವು. ನಾವು ಕೆಳಗಿಳಿದರೆ ಅವೂ ಇಳಿದವು. ಆಮೇಲೆ ನೆಟ್ಟಗೆ ಮೇಲಕ್ಕೆ ಹೋಗಿ ಇಲ್ಲವಾದವು. ಕೆಳಗೆ ರಾಡಾರಿನವರನ್ನು ಕೇಳಿದರೆ ನಿಮ್ಮ ಹತ್ತಿರ ಏನೂ ಇಲ್ಲ ಎಂದರು. ಅದು ಏನು ಎಂದು ನನಗೆ ಅಂದೂ ಗೊತ್ತಿರಲಿಲ್ಲ, ಇಂದೂ ಗೊತ್ತಿಲ್ಲ. ಬೇರೆ ಲೋಕದವರು ಬಂದರು ಎಂದು ನಾನು ಯಾವತ್ತೂ ಹೇಳಿದವನಲ್ಲ. ನಾಲ್ಕು ಬೆಳಕು ಇದ್ದವು ಎಂದೆ, ಅಷ್ಟೇ.

ಕ್ಯಾಪ್ಟನ್ ಸಾಹೇಬರು ಗಾಜಿನ ಮೇಲೆ ಬಿದ್ದ ಪ್ರತಿಬಿಂಬ ಎಂದು ಬರೆದು ಕೈತೊಳೆದುಕೊಂಡರು. ನಾನು ಕಂಡದ್ದನ್ನು ಕಂಡ ಹಾಗೆ ಬರೆದೆ. ನೀನು "ಏನೂ ಕಾಣಲಿಲ್ಲ" ಎಂದು ಬರೆದು ಸಹಿ ಹಾಕಿದೆ.

ವಿಚಾರಣೆಯ ದಿನ ವಿಮಾನದ ಒಳಮಾತಿನ ಟೇಪು ಹಾಕಿದರು. ನಿನ್ನ ಸ್ವರ ಗಂಟೆಯ ಹಾಗೆ ಸ್ಪಷ್ಟ ಇತ್ತು: "ಝಕರಿಯಾ, ಅವು ದಾದ ಮಾರಾಯ? ನಾಲ್ ಉಂಡು!" ಗಾಬರಿಯಾದಾಗ ಯಾರ ಬಾಯಿಗೂ ಊರಿನ ಭಾಷೆಯೇ ಬರುವುದು. ಎದುರು ಕೂತ ಅಧಿಕಾರಿ ತುಳು ಕೇಳಿದವರೇ ಅಲ್ಲ, "ಅರ್ಥವಾಗದ ಗದ್ದಲ" ಎಂದು ಬರೆದುಕೊಂಡರು. ಆ ಕೋಣೆಯಲ್ಲಿ ತುಳು ಬರುವವರು ನಾವಿಬ್ಬರೇ. ನಾನು ನಿನ್ನ ಮುಖ ನೋಡಿದೆ. ನೀನು ನಿನ್ನ ಬೂಟು ನೋಡುತ್ತಿದ್ದೆ. 'ಅವು ಏನು ಮಾರಾಯ, ನಾಲ್ಕು ಉಂಟು' ಎಂದಿದ್ದಾನೆ ಎಂದು ನಾನೇ ಬಾಯಿಬಿಟ್ಟು ಅರ್ಥ ಹೇಳಬಹುದಿತ್ತು. ಹೇಳಲಿಲ್ಲ. ನಿನ್ನ ಬಡ್ತಿಯ ಕಾಗದ ಹೊರಡುವ ಹೊತ್ತು ಅದು ಎಂದು ಗೊತ್ತಿತ್ತು, ಹೇಳುವುದಾದರೆ ಅವನೇ ಹೇಳಲಿ ಎಂದು ಕಾದೆ.

ನನಗೆ ಮೂರು ವಾರ ಆಸ್ಪತ್ರೆ, ತಲೆಯ ಡಾಕ್ಟರು. ಆಮೇಲೆ ಹಾರುವುದು ನಿಂತಿತು, ಉಗ್ರಾಣದಲ್ಲಿ ಕಂಬಳಿ ಎಣಿಸುವ ಕೆಲಸ. ತೊಂಬತ್ತಾರರಲ್ಲಿ ಅವಧಿ ಮುಗಿಸಿ ಊರಿಗೆ ಬಂದರೆ ಸುದ್ದಿ ನನಗಿಂತ ಮುಂಚೆ ಬಂದು ಕೂತಿತ್ತು. ಈಗ ಬೆಳ್ತಂಗಡಿಯಿಂದ ಬಂಟ್ವಾಳದವರೆಗೆ ನಾನು ಲೈಟ್ ಝಕರಿಯಾ. ಬೀದಿದೀಪ ಕೆಟ್ಟರೆ ನನ್ನನ್ನು ಕೇಳುತ್ತಾರೆ. ಸಾಕಾಗಿ ಹೋಗಿದೆ ಮಾರಾಯ.

ಒಬ್ಬ ಉಮ್ಮ ಮಾತ್ರ ಒಂದು ದಿನವೂ ಅನುಮಾನ ಪಡಲಿಲ್ಲ. "ನನ್ನ ಮಗ ನಾಲ್ಕು ಅಂದ್ರೆ ನಾಲ್ಕೇ. ಮೂರಲ್ಲ, ಐದಲ್ಲ" ಎಂದು ಬಾಗಿಲಿಗೆ ಬಂದವರನ್ನೆಲ್ಲ ಬೈದು ಕಳಿಸಿದ್ದಾಳೆ.

ಈಗ ನಿನ್ನಿಂದ ಒಂದು ಕೆಲಸ ಆಗಬೇಕು. ನಮ್ಮ ಪಳ್ಳಿಯ ಅಧ್ಯಕ್ಷರು ಅಬ್ದುಲ್ ಶುಕೂರ್ ಹಾಜಿಯವರು. ಅವರಿಗೆ ಒಂದು ಕಾರ್ಡು ಬರೆ. "ಆ ದಿನ ವಿಮಾನದಲ್ಲಿ ನಾಲ್ಕು ಬೆಳಕು ನಾನೂ ಕಂಡಿದ್ದೆ, ಝಕರಿಯಾನ ಕಣ್ಣು ಸರಿ ಉಂಟು." ಇಷ್ಟೇ. ನಿನಗೂ ಪಿಂಚಣಿ ಬರುತ್ತಿದೆ, ಇನ್ನು ಯಾರ ಹೆದರಿಕೆ? ತುಳುವಿನಲ್ಲಿ ಒಮ್ಮೆ ಹೇಳಿದ್ದನ್ನು ಕನ್ನಡದಲ್ಲಿ ಒಮ್ಮೆ ಬರೆ ಎಂದು ಕೇಳುತ್ತಿದ್ದೇನೆ.

ಬೈದದ್ದು ಜಾಸ್ತಿಯಾಗಿದ್ದರೆ ಬೇಜಾರು ಮಾಡಬೇಡ. ನಿನ್ನನ್ನಲ್ಲದೆ ಇನ್ನು ಯಾರನ್ನು ಬೈಯಲಿ? ನಿನಗೆ, ಮಕ್ಕಳಿಗೆ ಆಯುಸ್ಸು, ಆರೋಗ್ಯ ಸಿಗಲಿ ಎಂದು ಪ್ರತಿ ನಮಾಜಿನಲ್ಲಿ ಬೇಡುತ್ತೇನೆ, ಕೋಪ ಇದ್ದ ವರ್ಷಗಳಲ್ಲೂ ಬೇಡಿದ್ದೇನೆ. ಮುಂದಿನ ಸಲ ಬಂದರೆ ಕಾವಲಿ ಅಟ್ಟದಿಂದ ಇಳಿಸುವ.

ನಿನ್ನ ಗೆಳೆಯ,
ಝಕರಿಯಾ

ಮರೆತ ಮಾತು: ಅಂಟಿಸಿದ ಲಕೋಟೆಯನ್ನು ಬಿಡಿಸಿ ಇದನ್ನು ಬರೆಯುತ್ತಿದ್ದೇನೆ. ಮರೆತದ್ದಲ್ಲ, ಮುಚ್ಚಿಟ್ಟದ್ದು. ಹಾಜಿಯವರಿಗೆ ಕಾರ್ಡು ಬರೆಯುವುದು ಬೇಡ. ಅವರು ನನ್ನನ್ನು ನಂಬಿದ್ದರು.

ಎಲ್ಲರೂ ನಗುವಾಗ ಅವರು ಗದರಿ ಸುಮ್ಮನಾಗಿಸಿ, ನನ್ನನ್ನು ಒಳಗೆ ಕರೆದು ಎದುರು ಕೂರಿಸಿದರು. "ಝಕರಿಯಾ, ಅವರು ಏನು ಬೇಕಾದ್ರೂ ಹೇಳ್ಲಿ. ಅಲ್ಲಾಹನ ಹೆಸರಿನಲ್ಲಿ ಕಂಡೆ ಅಂತ ಹೇಳು, ನಾನು ಈಗಲೇ ಮೈಕಿನಲ್ಲಿ ಹೇಳಿಸ್ತೇನೆ" ಎಂದರು. ಕಿಟಕಿಯ ಹೊರಗೆ ಯಾರೋ ಇನ್ನೂ ಕಿಸಕ್ಕೆನ್ನುತ್ತಿದ್ದರು. "ಮೋಡ ಇರ್ಬೇಕು ಹಾಜಿಯವ್ರೇ, ಸರಿ ಕಾಣ್ಲಿಲ್ಲ" ಎಂದೆ. ಹೇಳುವಾಗ ನನ್ನ ಕಾಲಿನ ಬೆರಳು ನೋಡುತ್ತಿದ್ದೆ.

ಮನೆಯ ಬಾಗಿಲಲ್ಲಿ ಉಮ್ಮ ಕಾಯುತ್ತಿದ್ದಳು. "ಕಂಡಿತಾ ಮಗಾ?" ಎಂದಳು. ಇಲ್ಲ ಉಮ್ಮ ಎಂದೆ. ಕಂಡವನು ಹಿಡಿಯಲೇಬೇಕಲ್ಲ, ಮರುದಿನ ನಾನು ಯಾರಿಗೂ ಹೇಳದೆ ನೋಂಬು ಹಿಡಿದೆ. ಇಷ್ಟು ವಯಸ್ಸಾದರೂ ಒಂದು ನೋಂಬೂ ತಪ್ಪಿಸದ ಉಮ್ಮ ನನ್ನ ಎದುರಿಗೇ ಕೂತು ಗಂಜಿ ಉಂಡಳು, ನನಗೆ ಹೊಟ್ಟೆ ಸರಿಯಿಲ್ಲ ಎಂದು ನಂಬಿ ಜೀರಿಗೆ ನೀರು ಕುದಿಸಿ ತಂದಳು.

ಈಗ ಊರವರೆಲ್ಲ ತಪ್ಪಿದ ಆ ಒಂದು ನೋಂಬನ್ನು ಹಬ್ಬ ಕಳೆದ ಮೇಲೆ ಹಿಡಿಯುವ ಎಂದು ಮಾತಾಡಿಕೊಂಡಿದ್ದಾರೆ. ಉಮ್ಮ ಒಪ್ಪುವುದಿಲ್ಲ. ನಿನ್ನೆ ಪಕ್ಕದ ಮನೆಯವರ ಹತ್ತಿರ ಜಗಳವನ್ನೇ ತೆಗೆದಳು. "ಅವತ್ತು ಚಂದ್ರ ಇರ್ಲಿಲ್ಲ. ಇದ್ದಿದ್ರೆ ನನ್ನ ಮಗನಿಗೆ ಕಾಣ್ತಿತ್ತು. ಕಂಡದ್ದನ್ನು ಕಾಣ್ಲಿಲ್ಲ ಅಂತ ಹೇಳುವ ಜಾತಿ ಅಲ್ಲ ಅವ" ಎಂದಳು. ನಾನು ಒಳಗೆ ಕೂತು ಎಲ್ಲ ಕೇಳಿಸಿಕೊಂಡೆ.

ಅವಳಿಗೆ ನಾನು ಏನು ಹೇಳಲಿ, ಜಯರಾಜ? ನಿನಗೆ ಇದರಲ್ಲಿ ಏಳು ವರ್ಷದ ಅನುಭವ ಉಂಟು. ಅದನ್ನಾದರೂ ಬರೆ.