ಕ್ರೇನಿನಿಂದ ಇಳಿಸಿದವನಿಗೆ

ಮಾರ್ಚ್ ೧೪

ಭಾವಮೈದನಿಗೆ ನಿನ್ನ ಭಾವ ಬರೆಯುವುದು.

ಎಲ್ಲರೂ ಕ್ಷೇಮ. ಉತ್ತರ ತಡವಾಯಿತು; ಕ್ಷಮೆ ಕೇಳಿ ಬರೆಯಿರಿ ಎಂದು ನಿನ್ನ ಅಕ್ಕ ಪಕ್ಕದಲ್ಲೇ ಕೂತು ಹೇಳುತ್ತಿದ್ದಾಳೆ. ಕೇಳಿದೆ ಅಂದುಕೊ. ತಮಾಷೆಗೆ ಅಂದದ್ದು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಬರೆದಿದ್ದೀಯ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಇಷ್ಟು ವರ್ಷ ನೀನು ಕೆಳಗೆ ನಿಂತು ಕೈಸನ್ನೆ ಮಾಡಿದೆ, ನಾನು ಕ್ರೇನಿನ ಕ್ಯಾಬಿನ್ನಿನಲ್ಲಿ ಕೂತು ಭಾರ ಎತ್ತಿದೆ. ಪ್ರಾಸ್ಟೇಟ್ ಗ್ರಂಥಿ ಊದಿಕೊಂಡು ಗಳಿಗೆಗೊಮ್ಮೆ ಮೂತ್ರದ ಅವಸರ ಶುರುವಾದಾಗ, ಅಷ್ಟುದ್ದದ ಏಣಿ ಇಳಿದು ಹತ್ತುವುದು ಆಗದ ಮಾತೆಂದು ಬಾಟಲಿ ಇಟ್ಟುಕೊಂಡೆ. ಅದು ಗೊತ್ತಿದ್ದದ್ದು ನಿನಗೊಬ್ಬನಿಗೆ. ಆಪರೇಷನ್ ಎಂದರೆ ಕೊಯ್ಯುತ್ತಾರೆ, ಗಂಡಸುತನ ಹೋಗುತ್ತದೆ ಎಂಬ ನನ್ನ ಹೆದರಿಕೆಯೂ ಗೊತ್ತಿತ್ತು. ನೀನು ವಾಕಿಟಾಕಿಯಲ್ಲಿ, ಇಡೀ ಸೈಟಿಗೆ ಕೇಳುವಂತೆ, "ನಮ್ಮ ಭಾವಂಗೆ ಮತ್ತೆ ಅವಸರ ಆಗಿದೆ, ಕೆಳಗಿರೋರು ಕೊಡೆ ಬಿಚ್ಕೊಳ್ರಪ್ಪಾ" ಅಂದೆ. ಎಲ್ಲರೂ ನಕ್ಕರು. ಎಂಜಿನಿಯರ್ ನಗಲಿಲ್ಲ. ಭಾರ ತೂಗಾಡುವಾಗ ಲಿವರ್ ಬಿಟ್ಟರೆ ಕೆಳಗಿನವರ ಗತಿಯೇನು ಎಂದು ಅವತ್ತೇ ನನ್ನನ್ನು ಇಳಿಸಿ ಗೇಟಿನಲ್ಲಿ ಕೂರಿಸಿದ.

ಆಮೇಲೆ ಆಸ್ಪತ್ರೆಗೆ ಹೋದೆ. ಡಾಕ್ಟರಮ್ಮ ಕೊಯ್ಯುವುದೇ ಬೇಡ ಎಂದರು. ಮೂತ್ರದ ದಾರಿಯಲ್ಲೇ ನಳಿಕೆ ಇಳಿಸಿ, ಊದಿದ್ದನ್ನು ಸಣ್ಣ ಕ್ಲಿಪ್ಪಿನಿಂದ ಪಕ್ಕಕ್ಕೆ ಎಳೆದು ಕಟ್ಟಬಹುದಂತೆ; ಬಿಸಿ ಹಬೆ ಹಾಯಿಸಿ ಕುಗ್ಗಿಸಬಹುದಂತೆ; ಇಲ್ಲವೇ ಗ್ರಂಥಿಗೆ ಹೋಗುವ ರಕ್ತ ತಡೆದು ಬಾಡಿಸಬಹುದಂತೆ. ನನಗೆ ಹಬೆ ಸಾಕೆಂದರು. ಅವತ್ತೇ ಮನೆಗೆ ಬಂದೆ. ಕೆಲವು ದಿನ ಕೊಳವೆ, ಉರಿ, ನಿನ್ನ ಅಕ್ಕನ ಮೇಲೆ ರೇಗಾಟ. ನಿಧಾನವಾಗಿ ಸರಾಗವಾಯಿತು. ಗಂಡಸುತನದ ಸುದ್ದಿ ನಿನಗೆ ಬೇಡ.

ಹುಷಾರಾಗಿ ಎಂಜಿನಿಯರ್ ಮುಂದೆ ನಿಂತರೆ, ಕ್ಯಾಬಿನ್ ಬೇರೆಯವನಿಗೆ ಕೊಟ್ಟಾಯಿತು, ಮೊದಲೇ ಮಾಡಿಸಿಕೊಂಡಿದ್ದರೆ ನಿಮ್ಮನ್ನು ಬಿಡುತ್ತಿರಲಿಲ್ಲ ಎಂದ. ಲಾರಿ ಬಂದರೆ ಗೇಟು ತೆಗೆಯುವುದೇ ಈಗ ನನ್ನ ಉದ್ಯೋಗ. ನೀನು ಆ ಗೇಟಿನಲ್ಲಿ ಬರುವಾಗ ನನ್ನನ್ನು ಮಾತಾಡಿಸಬೇಡ.

ಹಿರಿಯನಾದ ಮೇಲೆ ಹರಸಬೇಕಂತೆ. ನಿನ್ನ ಮಕ್ಕಳು ಚೆನ್ನಾಗಿರಲಿ. ನೀನೂ ಇರು, ದೂರದಲ್ಲಿ.

ನಿನ್ನ ಅಕ್ಕನ ಗಂಡ

ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ನನ್ನನ್ನು ನೋಡಲು ಬಂದ ನಿನ್ನ ಹೆಂಡತಿ ಧೈರ್ಯ ಹೇಳುತ್ತಾ, "ಹೆದರಬೇಡಿ ಅಣ್ಣ. ಹೋದ ವರ್ಷ ಇವರಿಗೂ ಇದೇ ಹಬೆ ಹಾಕಿಸಿದ್ವಿ, ಈಗ ಆರಾಮಾಗಿದ್ದಾರೆ" ಅಂದಳು. ನಮಗೆ ಆಗ ನೀನು, ಕಿಡ್ನಿಯ ಕಲ್ಲು ತೆಗೆಸಿಕೊಂಡೆ ಎಂದಿದ್ದೆ. ನಾಚಿಕೆಯಾಗಿತ್ತೇನೋ, ಇರಲಿ. ಆದರೆ ನಾನು ಹೆದರಿ ಒದ್ದಾಡುವುದನ್ನು ನೋಡಿ ನೋಡಿಯೂ ಊರನ್ನೆಲ್ಲ ನಗಿಸಿದೆ. ಕಿವಿಯಲ್ಲಿ ಒಂದು ಮಾತು ಹೇಳಿದ್ದರೆ ನಾನು ಇವತ್ತೂ ಮೇಲೇ ಇರುತ್ತಿದ್ದೆ.